ಯಾರಿಗೆ ಯಾವಾಗ ಏನು ಕೇಳಿಸಿತು? ವೈಫೈ ಸ್ಟೇಷನ್‌ಗಳ ಮಾತುಕತೆಯನ್ನು ಕೋಡ್‌ನಲ್ಲಿ ಕಟ್ಟುವ ಬಗೆ

ಮುಂಬೈ ಪಕ್ಕದ ಡೊಂಬಿವಲಿಯ ಯಾವ ಬಿಲ್ಡಿಂಗಿನಲ್ಲಾದರೂ ನಿಂತು ಮೊಬೈಲಿನಲ್ಲಿ ವೈಫೈ ಪಟ್ಟಿ ತೆರೆದು ನೋಡಿ. ಇಪ್ಪತ್ತೋ ಮೂವತ್ತೋ ಹೆಸರುಗಳು ಸಾಲಾಗಿ ಬರುತ್ತವೆ. ಕುಲಕರ್ಣಿಯವರ ಮನೆಯದ್ದು, ಎದುರಿನ ಶೆಟ್ಟರದ್ದು, ಕೆಳಗಿನ ಕ್ಲಿನಿಕ್ಕಿನದ್ದು, ಯಾರೋ ತಮಾಷೆಗೆ ಹೆಸರಿಟ್ಟದ್ದು ಇನ್ನೊಂದು. ಇವುಗಳಲ್ಲಿ ಸುಮಾರು ಮನೆಗಳು 2.4 ಗಿಗಾಹರ್ಟ್ಸ್‌ನಲ್ಲೇ ಇರುತ್ತವೆ. ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ ಮೂರು: 1, 6 ಮತ್ತು 11. ಅಂದಮೇಲೆ ಒಂದೇ ಚಾನೆಲ್ಲಿನಲ್ಲಿ ಹಲವು ಮನೆಗಳು ಕೂತಿವೆ. ಸರದಿ ನೋಡಿಕೊಳ್ಳಲು ಯಾರೂ ಇಲ್ಲ. ಆದರೂ ರಾತ್ರಿ ಊಟದ ಹೊತ್ತಿಗೆ ಎಲ್ಲರ ಮನೆಯಲ್ಲೂ ವಿಡಿಯೊ ಓಡುತ್ತಿರುತ್ತದೆ. ತಡವರಿಸುತ್ತದೆ ನಿಜ, ಆದರೆ ಪೂರ್ತಿ ನಿಂತುಹೋಗುವುದು ಅಪರೂಪ.

ಇದು ಹೇಗೆ ನಡೆಯುತ್ತದೆ ಅಂತ ತಿಳಿಯಬೇಕಾದರೆ ಒಂದು ಸಣ್ಣ ಪ್ರೋಗ್ರಾಂ ಬರೆದು, ಅದರೊಳಗೆ ನಾಲ್ಕೈದು ಸ್ಟೇಷನ್‌ಗಳನ್ನು ಕೂರಿಸಿ, ಅವು ಮಾತಾಡುವುದನ್ನು ನೋಡುವುದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಸ್ಟೇಷನ್ ಅಂದರೆ ವೈಫೈ ರೇಡಿಯೊ ಇರುವ ಯಾವುದೇ ಸಾಧನ: ರೂಟರ್, ಮೊಬೈಲ್, ಲ್ಯಾಪ್‌ಟಾಪ್, ಟಿವಿ. ನಿಜವಾದ ರೂಟರ್‌ಗಳನ್ನೇ ಇಟ್ಟು ನೋಡಬಹುದಲ್ಲ ಅಂತ ಕೇಳಬಹುದು. ನೋಡಬಹುದು. ಆದರೆ ಪಕ್ಕದ ಮನೆಯವರ ರೂಟರನ್ನು ನೀವು ಆಫ್ ಮಾಡುವ ಹಾಗಿಲ್ಲ. ಲಿಫ್ಟ್ ಮೇಲೆ ಕೆಳಗೆ ಹೋದರೂ ಸಿಗ್ನಲ್ ಬದಲಾಗುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ, ಆಗಿಹೋದ ಒಂದು ಸೆಕೆಂಡನ್ನು ಮತ್ತೆ ಓಡಿಸಿ ನೋಡಲಾಗುವುದಿಲ್ಲ. ಕೋಡ್‌ನಲ್ಲಿ ಅದು ಸುಲಭ.

ಈ ಕೆಲಸದಲ್ಲಿ ನಾನು ಒಂದೇ ಒಂದು ನಿಯಮವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಸ್ಟೇಷನ್‌ಗೆ ತನ್ನ ಆಂಟೆನಾಕ್ಕೆ ಕೇಳಿಸಿದ್ದಷ್ಟೇ ಗೊತ್ತಿರಬೇಕು. ಪ್ರೋಗ್ರಾಂ ಬರೆಯುವ ನಮಗೆ ಎಲ್ಲ ಗೊತ್ತಿರುತ್ತದೆ. ಯಾರು ಎಲ್ಲಿದ್ದಾರೆ, ಯಾರು ಯಾವಾಗ ಕಳಿಸಿದರು, ಯಾವ ಫ್ರೇಮ್ (ಒಂದು ಸಲಕ್ಕೆ ಕಳಿಸುವ ಮಾಹಿತಿಯ ತುಂಡು) ಹಾಳಾಯಿತು, ಎಲ್ಲ. ಆ ತಿಳಿವಳಿಕೆ ಒಂದು ಚೂರು ಸ್ಟೇಷನ್ ಒಳಗೆ ಸೋರಿದರೂ ಸಿಮ್ಯುಲೇಷನ್, ಅಂದರೆ ಕೋಡ್‌ನಲ್ಲಿ ಕಟ್ಟಿದ ಈ ಅಣಕು ಲೋಕ, ಸುಳ್ಳು ಹೇಳಲು ಶುರು ಮಾಡುತ್ತದೆ. ಅದೂ ಚಂದದ ಸುಳ್ಳು. ಗ್ರಾಫ್ ನೋಡಿದರೆ ಎಲ್ಲ ಸರಿ ಅನ್ನಿಸುತ್ತದೆ.

ಮೊದಲು ಗಡಿಯಾರ

ನಮ್ಮ ಬಿಲ್ಡಿಂಗಿನ ಶೆಟ್ಟರ ಮಗಳು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಳೆ. ಕಾಲೇಜಿನ ಪ್ರಾಜೆಕ್ಟಿಗೆ ಇಂಥದ್ದೇ ಪ್ರೋಗ್ರಾಂ ಬರೆದು ತಂದಿದ್ದಳು. "ಅಂಕಲ್, ಪ್ರತಿ ಸಲ ಓಡಿಸಿದಾಗಲೂ ಬೇರೆ ಉತ್ತರ ಬರ್ತಿದೆ. ಲ್ಯಾಪ್‌ಟಾಪಿನಲ್ಲಿ ಹಾಡು ಹಾಕಿದ್ರೆ ಇನ್ನೂ ಬೇರೆ ಬರ್ತದೆ" ಅಂದಳು. ತೆರೆದು ನೋಡಿದರೆ ಒಂದೊಂದು ಸ್ಟೇಷನ್‌ಗೂ ಒಂದೊಂದು ಥ್ರೆಡ್, ಅಂದರೆ ಪ್ರೋಗ್ರಾಂ ಒಳಗೆ ತನ್ನ ಪಾಡಿಗೆ ತಾನು ಓಡುವ ಒಂದು ಎಳೆ. ಕಾಯಬೇಕಾದಾಗ ಥ್ರೆಡ್ ಮಲಗುತ್ತದೆ, ಹೊತ್ತಾದಾಗ ಏಳುತ್ತದೆ. ಮೊದಲ ಸಲ ಬರೆಯುವವರಿಗೆ ಹೊಳೆಯುವುದು ಹೆಚ್ಚಾಗಿ ಇದೇ, ಯಾಕೆಂದರೆ ನಿಜವಾದ ಸ್ಟೇಷನ್‌ಗಳೂ ಹಾಗೇ ತಮ್ಮ ಪಾಡಿಗೆ ತಾವು ಇರುತ್ತವಲ್ಲ.

ಆದರೆ ವೈಫೈ ಲೋಕದ ಅಳತೆ ಮೈಕ್ರೋಸೆಕೆಂಡ್. 5 ಗಿಗಾಹರ್ಟ್ಸ್‌ನಲ್ಲಿ ಒಂದು ಸ್ಲಾಟ್, ಅಂದರೆ ಕಾಯುವ ಹೊತ್ತನ್ನು ಎಣಿಸುವ ಒಂದು ತುಂಡು, 9 ಮೈಕ್ರೋಸೆಕೆಂಡ್. ಸಾಮಾನ್ಯ ಲ್ಯಾಪ್‌ಟಾಪಿಗೆ "9 ಮೈಕ್ರೋಸೆಕೆಂಡ್ ಮಲಗಿ ಏಳು" ಅಂದರೆ ಅದು ಅಷ್ಟು ಸರಿಯಾಗಿ ಏಳುವುದಿಲ್ಲ. ಆಪರೇಟಿಂಗ್ ಸಿಸ್ಟಂಗೆ ಬೇರೆ ನೂರು ಕೆಲಸ ಇರುತ್ತವೆ. ಆಗ ನಾವು ಅಳೆಯುತ್ತಿರುವುದು ವೈಫೈಯನ್ನಲ್ಲ, ಲ್ಯಾಪ್‌ಟಾಪಿನ ಅವಸರವನ್ನು.

ಹಾಗಾಗಿ ನಿಜವಾದ ಗಡಿಯಾರವನ್ನು ಪೂರ್ತಿ ಬಿಟ್ಟುಬಿಡಬೇಕು. ಸಿಮ್ಯುಲೇಷನ್ನಿನ ಗಡಿಯಾರ ಸುಮ್ನೆ ಒಂದು ಸಂಖ್ಯೆ. ಅದು ಟಿಕ್ ಟಿಕ್ ಅಂತ ನಡೆಯುವುದಿಲ್ಲ, ಒಂದು ಘಟನೆಯಿಂದ ಇನ್ನೊಂದು ಘಟನೆಗೆ ಹಾರುತ್ತದೆ. "ಫ್ರೇಮ್ ಶುರುವಾಯಿತು", "ಫ್ರೇಮ್ ಮುಗಿಯಿತು", "ಕಾಯುವ ಹೊತ್ತು ಮುಗಿಯಿತು", "ಉತ್ತರ ಬರಲೇ ಇಲ್ಲ" ಇವೇ ಘಟನೆಗಳು. ಪ್ರತಿಯೊಂದಕ್ಕೂ ಒಂದು ಸಮಯ. ಎಲ್ಲವೂ ಒಂದು ಕ್ಯೂನಲ್ಲಿ ಇರುತ್ತವೆ, ಸಮಯದ ಪ್ರಕಾರ. ಇಡೀ ಸಿಮ್ಯುಲೇಟರಿನ ಎದೆ ಇಷ್ಟೇ:

    ಗಡಿಯಾರ = 0
    ಕ್ಯೂ ಖಾಲಿಯಾಗುವ ತನಕ:
        ಎಲ್ಲಕ್ಕಿಂತ ಮೊದಲು ಆಗಬೇಕಾದ ಘಟನೆಯನ್ನು ತೆಗೆ
        ಗಡಿಯಾರ = ಆ ಘಟನೆಯ ಸಮಯ
        ಆ ಘಟನೆ ಹೇಳಿದ ಕೆಲಸ ಮಾಡು
        (ಆ ಕೆಲಸ ಹೊಸ ಘಟನೆಗಳನ್ನು ಕ್ಯೂಗೆ ಹಾಕಬಹುದು)

ಪೈಥಾನ್‌ನಲ್ಲಿ ಇದಕ್ಕೆ ಹೀಪ್‌ಕ್ಯೂ ಅನ್ನುವ ಮಾಡ್ಯೂಲ್ ಮೊದಲೇ ಇದೆ. ಹತ್ತು ಸಾಲಿನಲ್ಲಿ ಮುಗಿಯುವ ಕೆಲಸ. ಈಗ ಹಿಂದೆ ಹಾಡು ಓಡುತ್ತಿರಲಿ, ಬಿಡಲಿ, ಉತ್ತರ ಬದಲಾಗುವುದಿಲ್ಲ.

ಒಂದು ಚಿಕ್ಕ ಎಚ್ಚರಿಕೆ. ಸಮಯವನ್ನು ದಶಮಾಂಶದ ಸಂಖ್ಯೆಯಲ್ಲಿ ಇಡಬೇಡಿ. ಕಂಪ್ಯೂಟರಿನಲ್ಲಿ 0.1 ಮತ್ತು 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ. ಒಂದೇ ಹೊತ್ತಿಗೆ ಆಗಬೇಕಾದ ಎರಡು ಘಟನೆಗಳು ಕೂದಲೆಳೆಯಷ್ಟು ಹಿಂದೆ ಮುಂದೆ ಆಗಿಬಿಡುತ್ತವೆ. ನ್ಯಾನೋಸೆಕೆಂಡ್‌ಗಳನ್ನು ಪೂರ್ಣಾಂಕದಲ್ಲಿ ಎಣಿಸಿದರೆ ಈ ತಲೆನೋವು ಇಲ್ಲ. ಸಂಶೋಧಕರು ಬಳಸುವ ನೆಟ್‌ವರ್ಕ್ ಸಿಮ್ಯುಲೇಟರ್ ಎನ್‌ಎಸ್-3 ಕೂಡ ಹಾಗೇ ಮಾಡುತ್ತದೆ.

ಗಾಳಿಯೂ ಕೋಡ್‌ನಲ್ಲಿ ಇರಬೇಕು

ಹೊಸಬರ ಕೋಡ್‌ನಲ್ಲಿ ಒಂದು ಸ್ಟೇಷನ್ ಇನ್ನೊಂದರ "ತಗೋ" ಅನ್ನುವ ಫಂಕ್ಷನ್ನನ್ನು ನೇರವಾಗಿ ಕರೆಯುತ್ತದೆ. ವೈರಿನ ನೆಟ್‌ವರ್ಕಿಗೆ ಇದು ನಡೆಯಬಹುದು. ವೈರ್‌ಲೆಸ್‌ಗೆ ನಡೆಯುವುದಿಲ್ಲ. ರೇಡಿಯೊದಲ್ಲಿ ಯಾರೂ ಯಾರಿಗೂ ಕೈಗೆ ಕೊಡುವುದಿಲ್ಲ. ಗಾಳಿಗೆ ಬಿಡುತ್ತಾರೆ. ಅದು ಯಾರ್ಯಾರಿಗೆ ಎಷ್ಟೆಷ್ಟು ಕೇಳಿಸುತ್ತದೆ ಅನ್ನುವುದು ಕಳಿಸಿದವರ ಕೈಯಲ್ಲಿಲ್ಲ. ಆದ್ದರಿಂದ ಗಾಳಿಗೇ ಒಂದು ಆಬ್ಜೆಕ್ಟ್ ಬೇಕು. ಸ್ಟೇಷನ್‌ಗಳು ಗಾಳಿಯ ಜೊತೆ ಮಾತ್ರ ಮಾತಾಡಬೇಕು. ಈಗ ಯಾವ ಯಾವ ಫ್ರೇಮ್‌ಗಳು ಹಾರುತ್ತಿವೆ ಅನ್ನುವ ಪಟ್ಟಿಯನ್ನು ಗಾಳಿ ಇಟ್ಟುಕೊಂಡಿರುತ್ತದೆ, ಯಾವ ಸ್ಟೇಷನ್‌ಗೆ ಎಷ್ಟು ಶಕ್ತಿಯಲ್ಲಿ ಏನು ಮುಟ್ಟಿತು ಅಂತ ಲೆಕ್ಕ ಹಾಕಿ ಹೇಳುತ್ತದೆ.

ಆ ಲೆಕ್ಕ ಭಯಪಡುವಂಥದ್ದಲ್ಲ. 5 ಗಿಗಾಹರ್ಟ್ಸ್ ತೆಗೆದುಕೊಳ್ಳೋಣ. ರೂಟರ್ 100 ಮಿಲಿವ್ಯಾಟ್ ಕಳಿಸುತ್ತದೆ ಅನ್ನಿ. ಡೆಸಿಬೆಲ್ ಲೆಕ್ಕದಲ್ಲಿ ಅದು 20 ಡಿಬಿಎಂ (ಒಂದು ಮಿಲಿವ್ಯಾಟ್ ಅಂದರೆ 0 ಡಿಬಿಎಂ, 10 ಜಾಸ್ತಿ ಆದಾಗಲೆಲ್ಲ ಶಕ್ತಿ ಹತ್ತು ಪಟ್ಟು). ಮೊದಲ ಒಂದು ಮೀಟರ್ ದಾಟುವಷ್ಟರಲ್ಲೇ ಸುಮಾರು 47 ಡೆಸಿಬೆಲ್ ಕಳೆದುಹೋಗುತ್ತದೆ. ಆಮೇಲೆ ದೂರ ಹತ್ತು ಪಟ್ಟು ಆದಾಗಲೆಲ್ಲ ಬಯಲಿನಲ್ಲಾದರೆ ಇನ್ನು 20, ಮನೆಯೊಳಗೆ ಗೋಡೆ, ಕಪಾಟು, ಮನುಷ್ಯರ ನಡುವೆ ಆದರೆ 30ರ ಆಸುಪಾಸು. ಕಾಂಕ್ರೀಟ್ ಗೋಡೆಗೆ ಬೇರೆಯಾಗಿ ಒಂದಿಷ್ಟು ಕಳೆಯಬೇಕು. ನಾವು ಗೋಡೆಗೆ 12 ಅಂತ ಇಟ್ಟುಕೊಳ್ಳೋಣ.

ಉದಾಹರಣೆಗೆ ಎ, ಬಿ, ಸಿ ಅಂತ ಮೂರು ಸ್ಟೇಷನ್. ಎ ಮತ್ತು ಸಿ ನಡುವೆ 10 ಮೀಟರ್, ಮೂರು ಗೋಡೆ. ಬಿ ಸರಿಯಾಗಿ ಮಧ್ಯದಲ್ಲಿದೆ. ಎ ಕಡೆಗೆ ಒಂದು ಗೋಡೆ, ಸಿ ಕಡೆಗೆ ಎರಡು. ಎ ಕಳಿಸಿದ್ದು ಬಿಗೆ ಮುಟ್ಟುವಾಗ: 20ರಲ್ಲಿ 47 ಕಳೆದು, 5 ಮೀಟರಿಗೆ 21 ಕಳೆದು, ಗೋಡೆಗೆ 12 ಕಳೆದರೆ ಮೈನಸ್ 60 ಡಿಬಿಎಂ. ಅಂದರೆ 100 ಮಿಲಿವ್ಯಾಟ್ ಹೊರಟದ್ದು ಒಂದು ನ್ಯಾನೋವ್ಯಾಟ್ ಆಗಿ ಮುಟ್ಟಿತು. ಹತ್ತು ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲೇ ವಿಡಿಯೊ ಓಡುತ್ತದೆ ಅನ್ನುವುದು ನನಗೆ ಇವತ್ತಿಗೂ ಸೋಜಿಗ. ಸಿ ಕಳಿಸಿದ್ದು ಬಿಗೆ ಮುಟ್ಟುವುದು ಮೈನಸ್ 72. ಎ ಕಳಿಸಿದ್ದು ಸಿಗೆ ಮುಟ್ಟುವುದು ಮೈನಸ್ 93. ಈ ಮೂರು ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಇದರ ಜೊತೆ ಗದ್ದಲದ ಮಟ್ಟವೂ ಬೇಕು. 20 ಮೆಗಾಹರ್ಟ್ಸ್ ಅಗಲದ ಚಾನೆಲ್‌ಗೆ ಬರೀ ಶಾಖದಿಂದ ಹುಟ್ಟುವ ಗದ್ದಲ ಮೈನಸ್ 101 ಡಿಬಿಎಂ. ರೇಡಿಯೊ ತಾನೂ ಸ್ವಲ್ಪ ಸೇರಿಸುತ್ತದೆ. ಮೈನಸ್ 94 ಅಂತ ಹಿಡಿದರೆ ಸಾಕು. ಹಾಗಾಗಿ ಎ ಮಾತಾಡಿದ್ದು ಸಿ ಕಿವಿಗೆ ಗದ್ದಲದೊಳಗೇ ಕರಗಿಹೋಗುತ್ತದೆ.

ಇಲ್ಲಿ ಒಂದು ಗುಂಡಿ ಇದೆ. ಎರಡು ಸಿಗ್ನಲ್ ಒಟ್ಟಿಗೆ ಬಂದರೆ ಡಿಬಿಎಂಗಳನ್ನು ಹಾಗೇ ಕೂಡಿಸಬಾರದು. ಮೈನಸ್ 90 ಮತ್ತು ಮೈನಸ್ 90 ಸೇರಿದರೆ ಮೈನಸ್ 180 ಅಲ್ಲ, ಮೈನಸ್ 87. ಮೊದಲು ಮಿಲಿವ್ಯಾಟ್‌ಗೆ ತಿರುಗಿಸಿ, ಕೂಡಿಸಿ, ಮತ್ತೆ ಡಿಬಿಎಂಗೆ ಬರಬೇಕು. ಬೇರೆಯವರ ಕೋಡ್ ನೋಡುವಾಗ ನಾನು ಮೊದಲು ಹುಡುಕುವುದು ಈ ಸಾಲನ್ನೇ.

ಗಾಳಿಯ ಪಟ್ಟಿಗೆ ಹೊಸ ಫ್ರೇಮ್ ಸೇರಿದಾಗ, ಹಳೆಯದು ಮುಗಿದಾಗ, ಈ ಎರಡೇ ಹೊತ್ತಿನಲ್ಲಿ ಲೆಕ್ಕ ಬದಲಾಗುತ್ತದೆ. ನಡುವೆ ಏನೂ ಆಗುವುದಿಲ್ಲ. ಆಗ ಪ್ರತಿ ಕೇಳುಗನಿಗೂ ನೋಡಬೇಕಾದ್ದು ಒಂದೇ: ನನಗೆ ಬೇಕಾದ ಸಿಗ್ನಲ್, ಉಳಿದೆಲ್ಲ ಸಿಗ್ನಲ್ ಮತ್ತು ಗದ್ದಲದ ಮೊತ್ತಕ್ಕಿಂತ ಎಷ್ಟು ಮೇಲಿದೆ? ಫ್ರೇಮ್ ಶುರುವಾದಾಗಿಂದ ಮುಗಿಯುವ ತನಕ ಈ ಅಂತರ ಅತಿ ಕಡಿಮೆ ಆದದ್ದು ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಕೊನೆಗೆ ಅದರ ಮೇಲೆ ತೀರ್ಪು.

ಲೆಕ್ಕ ಗೊತ್ತಿರುವ ಆಟದಿಂದ ಶುರು

ನೇರವಾಗಿ ವೈಫೈ ಬರೆಯಲು ಹೊರಡಬೇಡಿ. ಮೊದಲು ಅಲೋಹಾ ಬರೆಯಿರಿ. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ತಂಡ ದ್ವೀಪಗಳ ನಡುವೆ ಕಂಪ್ಯೂಟರ್ ಸಂಪರ್ಕಕ್ಕೆ ಕಟ್ಟಿದ ರೇಡಿಯೊ ನೆಟ್‌ವರ್ಕ್ ಅದು. 1971ರಲ್ಲಿ ಕೆಲಸ ಶುರು ಮಾಡಿತು. ಅದರ ನಿಯಮ ಮಗುವಿಗೂ ಹೇಳಬಹುದು. ಹೇಳಲು ಏನಾದರೂ ಇದ್ದರೆ ಹೇಳಿಬಿಡು. ಉತ್ತರ ಬರದಿದ್ದರೆ ಒಂದಿಷ್ಟು ಹೊತ್ತು ಬಿಟ್ಟು ಮತ್ತೆ ಹೇಳು. ಎಷ್ಟು ಹೊತ್ತು ಅನ್ನುವುದು ಅದೃಷ್ಟಕ್ಕೆ ಬಿಟ್ಟದ್ದು.

ಇದರಿಂದ ಶುರು ಮಾಡಲು ಕಾರಣ ಇದೆ. ಇದರ ಉತ್ತರ ಕಾಗದದ ಮೇಲೆ ಮೊದಲೇ ಸಿಗುತ್ತದೆ. ಸ್ಟೇಷನ್‌ಗಳು ಬಹಳ ಇದ್ದಾಗ, ಎಷ್ಟೇ ಚೆನ್ನಾಗಿ ನಡೆದರೂ ಚಾನೆಲ್ಲಿನ ಹೊತ್ತಿನಲ್ಲಿ 18.4 ಶೇಕಡಾ ಮಾತ್ರ ಕೆಲಸಕ್ಕೆ ಬರುತ್ತದೆ. ಯಾಕೆಂದರೆ ನಿಮ್ಮ ಫ್ರೇಮ್ ಉಳಿಯಬೇಕಾದರೆ ಅದರ ಮುಂಚಿನ ಒಂದು ಫ್ರೇಮಿನಷ್ಟು ಹೊತ್ತು ಮತ್ತು ಅದು ಓಡುವಷ್ಟು ಹೊತ್ತು, ಎರಡರಲ್ಲೂ ಬೇರೆ ಯಾರೂ ಶುರು ಮಾಡಿರಬಾರದು. 1972ರಲ್ಲಿ ಲಾರೆನ್ಸ್ ರಾಬರ್ಟ್ಸ್ ಒಂದು ತಿದ್ದುಪಡಿ ಸೂಚಿಸಿದರು: ಹೊತ್ತನ್ನು ಸ್ಲಾಟ್‌ಗಳಾಗಿ ಕತ್ತರಿಸಿ, ಸ್ಲಾಟಿನ ಶುರುವಿನಲ್ಲೇ ಕಳಿಸಿ. ಅಪಾಯದ ಹೊತ್ತು ಅರ್ಧಕ್ಕೆ ಇಳಿಯಿತು, 36.8 ಶೇಕಡಾ ಆಯಿತು.

ಈಗ ನಿಮ್ಮ ಸಿಮ್ಯುಲೇಟರಿನಲ್ಲಿ ಸ್ಲಾಟಿನ ಅಲೋಹಾ ಓಡಿಸಿ. ಹತ್ತು ಸ್ಟೇಷನ್, ಪ್ರತಿ ಸ್ಲಾಟಿನಲ್ಲೂ ಪ್ರತಿಯೊಂದೂ ಹತ್ತರಲ್ಲಿ ಒಂದು ಸಾಧ್ಯತೆಯಲ್ಲಿ ಕಳಿಸಲಿ. 38.7 ಶೇಕಡಾದ ಹತ್ತಿರ ಬರಬೇಕು, ಸ್ಟೇಷನ್ ಹತ್ತೇ ಆದ್ದರಿಂದ 36.8ಕ್ಕಿಂತ ಸ್ವಲ್ಪ ಮೇಲೆ. ಲೆಕ್ಕ ಇಷ್ಟೇ: ಉಳಿದ ಒಂಬತ್ತು ಸುಮ್ಮನಿರುವ ಸಾಧ್ಯತೆ, ಅಂದರೆ 0.9ನ್ನು ಒಂಬತ್ತು ಸಲ ಗುಣಿಸಿದ್ದು. 45 ಬಂತು ಅಂತ ಖುಷಿಪಡಬೇಡಿ. ಅದು ನಿಮ್ಮ ಗಾಳಿಯಲ್ಲಿ ಎಲ್ಲೋ ತೂತು ಇದೆ ಅನ್ನುವುದಕ್ಕೆ ಸಾಕ್ಷಿ.

ಕೇಳಿಸಿಕೊಂಡು ಮಾತಾಡುವುದು

ವೈಫೈ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರ ಮೊದಲ ಸ್ಟ್ಯಾಂಡರ್ಡ್ ಬಂದದ್ದು 1997ರಲ್ಲಿ. ಅಲ್ಲಿಂದ ಇಲ್ಲಿಯ ತನಕ ವೇಗ ಎಷ್ಟೋ ಪಟ್ಟು ಜಾಸ್ತಿ ಆಗಿದೆ, ಆದರೆ ಅಡಿಪಾಯದ ನಿಯಮ ಹೆಚ್ಚುಕಡಿಮೆ ಅದೇ. ಕಳಿಸುವ ಮೊದಲು ಕೇಳು. ಗಾಳಿ 34 ಮೈಕ್ರೋಸೆಕೆಂಡ್ ಖಾಲಿ ಇದ್ದರೆ, 0ಯಿಂದ 15ರ ಒಳಗೆ ಒಂದು ಸಂಖ್ಯೆಯನ್ನು ಚೀಟಿ ಎತ್ತಿದ ಹಾಗೆ ಆರಿಸು. ಗಾಳಿ ಖಾಲಿ ಇರುವ ಪ್ರತಿ 9 ಮೈಕ್ರೋಸೆಕೆಂಡಿಗೆ ಒಂದೊಂದೇ ಇಳಿಸು. ಸೊನ್ನೆ ಆದಾಗ ಕಳಿಸು. ನಡುವೆ ಬೇರೆ ಯಾರಾದರೂ ಮಾತಾಡಿದರೆ ಎಣಿಕೆಯನ್ನು ಅಲ್ಲಿಗೇ ನಿಲ್ಲಿಸು, ಅವರು ಮುಗಿಸಿದ ಮೇಲೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸು. ಈ ಎಣಿಕೆಗೆ ಬ್ಯಾಕಾಫ್ ಅನ್ನುತ್ತಾರೆ.

ಫ್ರೇಮ್ ಸರಿಯಾಗಿ ಮುಟ್ಟಿದರೆ ಪಡೆದವರು 16 ಮೈಕ್ರೋಸೆಕೆಂಡ್ ಬಿಟ್ಟು ಒಂದು ಚಿಕ್ಕ ಎಸಿಕೆ ಕಳಿಸುತ್ತಾರೆ, "ಸಿಕ್ಕಿತು" ಅಂತ. ಅದು ಬರದಿದ್ದರೆ ಚೀಟಿಗಳು ಹೆಚ್ಚಾಗುತ್ತವೆ: ಅತಿ ದೊಡ್ಡ ಚೀಟಿ 15 ಇದ್ದದ್ದು 31, 63, 127, ಹೀಗೆ 1023ರ ತನಕ.

ಎಸಿಕೆ ಯಾಕೆ ಬೇಕು? ಕಳಿಸುವಾಗಲೇ ಡಿಕ್ಕಿ (ಇಬ್ಬರ ಫ್ರೇಮ್ ಒಟ್ಟಿಗೆ ಬಂದು ಕಲಸಿಹೋಗುವುದು) ಆಯಿತಾ ಅಂತ ಕೇಳಿಸಿಕೊಳ್ಳಬಹುದಲ್ಲ? ಆಗುವುದಿಲ್ಲ. ಬಿ ಮಾತಾಡುವಾಗ ಅದರ ಆಂಟೆನಾದಲ್ಲಿ 20 ಡಿಬಿಎಂ ಇರುತ್ತದೆ. ಎ ಧ್ವನಿ ಅಲ್ಲಿ ಮೈನಸ್ 60. ಅದೇ ಹತ್ತು ಕೋಟಿ ಪಟ್ಟಿನ ಅಂತರ. ತನ್ನ ಗಲಾಟೆಯಲ್ಲಿ ಬೇರೆಯವರ ಪಿಸುಮಾತು ಕೇಳಿಸುವುದಿಲ್ಲ. ಆದ್ದರಿಂದ ಕೋಡ್‌ನಲ್ಲಿ ಕಳಿಸುತ್ತಿರುವ ಸ್ಟೇಷನ್‌ಗೆ ಏನೂ ಕೇಳಿಸಬಾರದು. ಡಿಕ್ಕಿ ಆದರೂ ಅದು ಪೂರ್ತಿ ಫ್ರೇಮ್ ಕಳಿಸಿ ಮುಗಿಸಬೇಕು. ಡಿಕ್ಕಿ ಆದ ಕೂಡಲೇ ನಿಲ್ಲಿಸುವ ಸ್ಟೇಷನ್ ಬರೆದರೆ, ಅದು ಹಳೇ ಕಾಲದ ವೈರಿನ ಈಥರ್ನೆಟ್ ಆಯಿತು, ವೈಫೈ ಅಲ್ಲ.

ಈ ನಿಯಮದ ಬೆಲೆ ಎಷ್ಟು ಅಂತ ಒಂದು ಸಲ ಕೈಯಲ್ಲೇ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 54 ಮೆಗಾಬಿಟ್‌ನ ವೈಫೈ, 1500 ಬೈಟಿನ ಪ್ಯಾಕೆಟ್, ಒಂದೇ ಸ್ಟೇಷನ್, ಪೈಪೋಟಿಯೇ ಇಲ್ಲ. ಮೊದಲು 34 ಮೈಕ್ರೋಸೆಕೆಂಡ್ ಕಾಯಬೇಕು. ಬ್ಯಾಕಾಫ್ ಸರಾಸರಿ 7.5 ಸ್ಲಾಟ್, ಅಂದರೆ 67.5. ಹೆಡರ್ (ವಿಳಾಸ ಇತ್ಯಾದಿ), ಪ್ರಿಯಾಂಬಲ್ (ಕೇಳುವ ರೇಡಿಯೊವನ್ನು ಸಜ್ಜು ಮಾಡುವ ಮೊದಲ ತುಣುಕು) ಎಲ್ಲ ಸೇರಿ ಫ್ರೇಮಿಗೆ 248. ಮತ್ತೆ 16 ಕಾಯಬೇಕು. ಎಸಿಕೆಗೆ 28. ಒಟ್ಟು 393.5. ಅಷ್ಟು ಹೊತ್ತಿನಲ್ಲಿ ದಾಟಿದ್ದು 12,000 ಬಿಟ್. ಭಾಗಿಸಿದರೆ ಸುಮಾರು 30.5 ಮೆಗಾಬಿಟ್. ಡಬ್ಬಿಯ ಮೇಲೆ 54, ಕೈಗೆ 30. ಅಂಗಡಿಯವನು ಮೋಸ ಮಾಡಿಲ್ಲ, ಸರದಿ ಕಾಯುವುದಕ್ಕೇ ಹೊತ್ತು ಹೋಗಿದೆ. ನಿಮ್ಮ ಸಿಮ್ಯುಲೇಟರ್‌ನಲ್ಲಿ ಒಂದೇ ಸ್ಟೇಷನ್ ಇಟ್ಟು ಓಡಿಸಿದರೆ ಇದೇ ಸಂಖ್ಯೆ ಬರಬೇಕು. ಆಮೇಲೆ ಬಂದ ವೈಫೈ ಆವೃತ್ತಿ 802.11ಎನ್‌ನಲ್ಲಿ ಹಲವು ಪ್ಯಾಕೆಟ್‌ಗಳನ್ನು ಕಟ್ಟಿ ಒಂದೇ ಸರದಿಯಲ್ಲಿ ಕಳಿಸುವ ಏರ್ಪಾಡು ಮಾಡಿದ್ದು ಈ ನಷ್ಟ ತಗ್ಗಿಸಲಿಕ್ಕೇ.

ಬರೆಯುವಾಗ ಕೈಕೊಡುವ ಜಾಗ ಎಣಿಕೆ ನಿಲ್ಲಿಸುವುದು. "ಬ್ಯಾಕಾಫ್ ಮುಗಿಯಿತು" ಅನ್ನುವ ಘಟನೆ ಆಗಲೇ ಕ್ಯೂನಲ್ಲಿ ಕೂತಿರುತ್ತದೆ. ಈಗ ಅದು ಬೇಡವಾಯಿತು. ಕ್ಯೂನ ಹೊಟ್ಟೆಯೊಳಗಿಂದ ಹುಡುಕಿ ತೆಗೆಯಲು ಹೋಗಬೇಡಿ. ಪ್ರತಿ ಸ್ಟೇಷನ್‌ಗೂ ಒಂದು ಟೋಕನ್ ಸಂಖ್ಯೆ ಇಡಿ. ಎಣಿಕೆ ನಿಂತಾಗಲೆಲ್ಲ ಅದನ್ನು ಒಂದು ಹೆಚ್ಚಿಸಿ. ಘಟನೆ ತನ್ನ ಸರದಿ ಬಂದಾಗ ಹಳೇ ಟೋಕನ್ ತೋರಿಸಿದರೆ ಸುಮ್ನೆ ಬಿಟ್ಟುಬಿಡಿ.

ಡಿಕ್ಕಿಯೇ ಆಗದ ಸಿಮ್ಯುಲೇಷನ್

ಶೆಟ್ಟರ ಮಗಳು ಎರಡನೇ ಸಲ ಬಂದಾಗ ಇನ್ನೂ ವಿಚಿತ್ರವಾದ ತೊಂದರೆ ತಂದಿದ್ದಳು. ಐವತ್ತು ಸ್ಟೇಷನ್ ಇಟ್ಟರೂ ಒಂದೇ ಒಂದು ಡಿಕ್ಕಿ ಇಲ್ಲ. "ಇದು ಒಳ್ಳೇದೇ ಅಲ್ವಾ ಅಂಕಲ್?" ಅಂತ ನಕ್ಕಳು. ಒಳ್ಳೆಯದಲ್ಲ ಅಂತ ಅವಳಿಗೂ ಗೊತ್ತಿತ್ತು.

ಎರಡು ಸ್ಟೇಷನ್ ಒಟ್ಟಿಗೆ ಚೀಟಿ ಎತ್ತಿದರೆ ಎರಡಕ್ಕೂ ಒಂದೇ ಸಂಖ್ಯೆ ಬರುವ ಸಾಧ್ಯತೆ 16ರಲ್ಲಿ ಒಂದು. ಐವತ್ತು ಸ್ಟೇಷನ್ ಇದ್ದರೆ ಯಾರೋ ಇಬ್ಬರಿಗೆ ಒಂದೇ ಸಂಖ್ಯೆ ಬಂದೇ ಬರುತ್ತದೆ, ಇರುವುದೇ ಹದಿನಾರು ಚೀಟಿ. ಹಾಗಾದರೆ ಡಿಕ್ಕಿ ಎಲ್ಲಿ ಹೋಯಿತು?

ಕ್ಯೂನಲ್ಲಿ. ಇಬ್ಬರ ಬ್ಯಾಕಾಫ್ ಒಂದೇ ಹೊತ್ತಿಗೆ ಮುಗಿಯುತ್ತದೆ. ಆದರೆ ಪ್ರೋಗ್ರಾಂ ಒಂದು ಘಟನೆ ಆದ ಮೇಲೆ ಇನ್ನೊಂದನ್ನು ತೆಗೆಯುತ್ತದೆ. ಮೊದಲನೆಯವನು ಕಳಿಸಲು ಶುರು ಮಾಡಿದ. ಎರಡನೆಯವನ ಘಟನೆ ಬಂದಾಗ ಅವನು ಗಾಳಿಯನ್ನು ಕೇಳಿದ, "ಖಾಲಿ ಇದೆಯಾ?" ಗಾಳಿ ಹೇಳಿತು, "ಇಲ್ಲ, ಈಗಷ್ಟೇ ಒಬ್ಬ ಶುರು ಮಾಡಿದ." ಅವನು ಹಿಂದೆ ಸರಿದ. ಗಡಿಯಾರದಲ್ಲಿ ಇಬ್ಬರದೂ ಒಂದೇ ಹೊತ್ತು. ಆದರೂ ಎರಡನೆಯವನಿಗೆ ಮೊದಲನೆಯವನ ವಿಷಯ ಗೊತ್ತಾಗಿಬಿಟ್ಟಿದೆ. ನಿಜವಾದ ರೇಡಿಯೊಗೆ ಅದು ಗೊತ್ತಾಗಲು ಸಾಧ್ಯವೇ ಇಲ್ಲ. ಗಾಳಿ ಖಾಲಿಯಿಲ್ಲ ಅಂತ ಗುರುತಿಸಲು, ಕೇಳುವುದನ್ನು ಬಿಟ್ಟು ಕಳಿಸುವುದಕ್ಕೆ ತಿರುಗಲು ಒಂದಿಷ್ಟು ಹೊತ್ತು ಬೇಕು. ಸ್ಲಾಟ್ 9 ಮೈಕ್ರೋಸೆಕೆಂಡ್ ಅಂತ ಇಟ್ಟಿರುವುದೇ ಆ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಂಡು.

ಪರಿಹಾರ ಒಂದು ಸಾಲಿನದ್ದು. ಈ ಕ್ಷಣಕ್ಕಿಂತ ಮುಂಚೆ ಶುರುವಾದ ಫ್ರೇಮ್‌ಗಳನ್ನು ಮಾತ್ರ ಗಾಳಿ ಹೇಳಬೇಕು. ಇದೇ ಕ್ಷಣದಲ್ಲಿ ಶುರುವಾದದ್ದು ಯಾರಿಗೂ ಕಾಣಬಾರದು. ತಿದ್ದಿದ ಕೂಡಲೇ ಡಿಕ್ಕಿಗಳು ಧಾರಾಳವಾಗಿ ಬಂದವು.

ಇದಕ್ಕೆ ಪೂರಾ ಉಲ್ಟಾ ತಪ್ಪೂ ಇದೆ. ಪ್ರತಿ ಸ್ಟೇಷನ್‌ಗೂ ಬೇರೆ ರ‍್ಯಾಂಡಮ್ ಜನರೇಟರ್ ಕೊಟ್ಟು, ಎಲ್ಲದಕ್ಕೂ ಒಂದೇ ಸೀಡ್ (ಜನರೇಟರ್ ಶುರುವಾಗುವ ಮೊದಲ ಸಂಖ್ಯೆ) ಹಾಕಿದರೆ, ಎಲ್ಲರೂ ಪ್ರತಿ ಸಲವೂ ಒಂದೇ ಚೀಟಿ ಎತ್ತುತ್ತಾರೆ. ಹುಟ್ಟಿದಾಗಿಂದ ಸಾಯುವ ತನಕ ಡಿಕ್ಕಿ. ಥ್ರೂಪುಟ್, ಅಂದರೆ ಸೆಕೆಂಡಿಗೆ ಸರಿಯಾಗಿ ದಾಟುವ ಮಾಹಿತಿ, ಸೊನ್ನೆ.

ಕಾಣದ ಸ್ಟೇಷನ್

ಈಗ ಆ ಎ, ಬಿ, ಸಿ ಕಡೆಗೆ ಬರೋಣ. ಎಷ್ಟೋ ಕಾಲೇಜು ಪ್ರಾಜೆಕ್ಟುಗಳಲ್ಲಿ ಗಾಳಿ ಅಂದರೆ ಒಂದೇ ಒಂದು ಸ್ವಿಚ್: ಖಾಲಿ ಅಥವಾ ಬಿಜಿ. ಎಲ್ಲರಿಗೂ ಅದೇ ಉತ್ತರ. ಹೀಗೆ ಬರೆದರೆ ವೈರ್‌ಲೆಸ್‌ನ ದೊಡ್ಡ ತೊಂದರೆಯೊಂದು ಕಾಣಿಸಿಕೊಳ್ಳುವುದೇ ಇಲ್ಲ.

ಮುಂಬೈಯ ಮಾಟುಂಗಾದ ಉಡುಪಿ ಹೋಟೆಲುಗಳ ಗಲ್ಲಾಪೆಟ್ಟಿಗೆ ನೆನಪಿಸಿಕೊಳ್ಳಿ. ಒಬ್ಬ ಮಾಣಿ ಒಳಗಿನ ಫ್ಯಾಮಿಲಿ ರೂಮಿನಿಂದ ಬಿಲ್ ಮೊತ್ತ ಕೂಗುತ್ತಾನೆ. ಇನ್ನೊಬ್ಬ ಹೊರಗಿನ ಟೇಬಲ್ಲಿನಿಂದ ಕೂಗುತ್ತಾನೆ. ನಡುವೆ ಗೋಡೆ, ಹಾಗಾಗಿ ಅವರಿಬ್ಬರಿಗೆ ಒಬ್ಬರ ಕೂಗು ಒಬ್ಬರಿಗೆ ಕೇಳಿಸುವುದಿಲ್ಲ. ಇಬ್ಬರೂ "ಈಗ ನಿಶ್ಶಬ್ದ ಇದೆ" ಅಂತಲೇ ಕೂಗಿದ್ದು. ಗಲ್ಲಾದಲ್ಲಿ ಕೂತವರಿಗೆ ಮಾತ್ರ ಎರಡೂ ಕಲಸಿ ಬರುತ್ತದೆ.

ವೈಫೈ ಸಿಗ್ನಲ್ ಮೈನಸ್ 82 ಡಿಬಿಎಂ ಅಥವಾ ಅದಕ್ಕಿಂತ ಮೇಲಿದ್ದರೆ ಗಾಳಿ ಬಿಜಿ ಅಂತ ಸ್ಟೇಷನ್ ಗುರುತಿಸಲೇಬೇಕು ಅನ್ನುವುದು ಸ್ಟ್ಯಾಂಡರ್ಡಿನ ನಿಯಮ. ಎ ಕಳಿಸಿದ್ದು ಸಿಗೆ ಮುಟ್ಟುವುದು ಮೈನಸ್ 93. ಅಂದಮೇಲೆ ಸಿ ಪಾಲಿಗೆ ಎ ಇಲ್ಲವೇ ಇಲ್ಲ. ಇಬ್ಬರೂ ಬಿಗೆ ಕಳಿಸುತ್ತಾರೆ. ಬಿ ಹತ್ತಿರ ಎ ಮೈನಸ್ 60, ಸಿ ಮೈನಸ್ 72. ಅಂತರ 12 ಡೆಸಿಬೆಲ್. 54 ಮೆಗಾಬಿಟ್ ವೇಗಕ್ಕೆ 25ರ ಆಸುಪಾಸಿನ ಅಂತರ ಬೇಕು. ಎ ಫ್ರೇಮ್ ಹಾಳು, ಸಿ ಫ್ರೇಮ್ ಅಂತೂ ಹಾಳೇ.

ಆದರೆ ಎ 6 ಮೆಗಾಬಿಟ್‌ನಲ್ಲಿ ನಿಧಾನವಾಗಿ ಕಳಿಸುತ್ತಿದ್ದರೆ? ಅದಕ್ಕೆ 12 ಡೆಸಿಬೆಲ್ ಧಾರಾಳ ಸಾಕು. ಡಿಕ್ಕಿಯಾದರೂ ಎ ಗೆಲ್ಲುತ್ತದೆ, ಸಿ ಮಾತ್ರ ಸೋಲುತ್ತದೆ. ಇದಕ್ಕೆ ಕ್ಯಾಪ್ಚರ್ ಅನ್ನುತ್ತಾರೆ. ಸಿ ಸೋತು ಸೋತು ತನ್ನ ಚೀಟಿಗಳನ್ನು ಜಾಸ್ತಿ ಮಾಡಿಕೊಳ್ಳುತ್ತಾ ಹೋಗುತ್ತದೆ, ಎ ಆರಾಮಾಗಿ 15ರಲ್ಲೇ ಇರುತ್ತದೆ. ಒಂದು ಗೋಡೆ ಜಾಸ್ತಿ ಇದ್ದದ್ದೇ ಸಿ ಮಾಡಿದ ತಪ್ಪು. "ಎರಡು ಫ್ರೇಮ್ ಒಟ್ಟಿಗೆ ಬಂದರೆ ಎರಡೂ ಹಾಳು" ಅಂತ ಬರೆದ ಕೋಡ್‌ನಲ್ಲಿ ಈ ಅನ್ಯಾಯ ಕಾಣುವುದಿಲ್ಲ.

ಕಾಣದ ಸ್ಟೇಷನ್ನಿನ ತೊಂದರೆಯನ್ನು ಫೌದ್ ತೊಬಾಗಿ ಮತ್ತು ಲೆನಾರ್ಡ್ ಕ್ಲೈನ್‌ರಾಕ್ 1975ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ವೈಫೈ ಇದಕ್ಕೆ ಇಟ್ಟುಕೊಂಡ ಮದ್ದು ಆರ್‌ಟಿಎಸ್ ಮತ್ತು ಸಿಟಿಎಸ್. ಎ ಮೊದಲು 20 ಬೈಟಿನ ಚಿಕ್ಕ ಫ್ರೇಮಿನಲ್ಲಿ "ಕಳಿಸಲಾ?" ಅಂತ ಕೇಳುತ್ತದೆ. ಬಿ "ಕಳಿಸು, ಇಷ್ಟು ಹೊತ್ತು ಬೇಕು" ಅನ್ನುತ್ತದೆ. ಬಿ ಹೇಳಿದ್ದು ಸಿಗೂ ಕೇಳಿಸುತ್ತದೆ, ಅಷ್ಟು ಹೊತ್ತು ಸಿ ಸುಮ್ಮನಿರುತ್ತದೆ. ಗಮನಿಸಿ, ಇಲ್ಲೂ ಸಿಗೆ ಎ ಬಗ್ಗೆ ಏನೂ ಗೊತ್ತಿಲ್ಲ. ಬಿ ಬಾಯಿಂದ ಕೇಳಿದ್ದಷ್ಟೇ ಗೊತ್ತು. ಕೋಡ್‌ನಲ್ಲೂ ಹಾಗೇ ಇರಬೇಕು. ಇದರ ಬೆಲೆ ನಮ್ಮ ಲೆಕ್ಕದಲ್ಲಿ ಪ್ರತಿ ಪ್ಯಾಕೆಟ್‌ಗೆ 88 ಮೈಕ್ರೋಸೆಕೆಂಡ್ ಹೆಚ್ಚು, 30.5 ಇದ್ದದ್ದು 25ಕ್ಕೆ ಇಳಿಯುತ್ತದೆ. ಚಿಕ್ಕ ಪ್ಯಾಕೆಟ್‌ಗಳಿಗೆ ಇದು ದಂಡ. ಆದ್ದರಿಂದಲೇ ಹೆಚ್ಚಿನ ಮನೆಯ ರೂಟರ್‌ಗಳಲ್ಲಿ ಇದು ಸುಮ್ಮನೆ ಮಲಗಿರುತ್ತದೆ.

ಏನನ್ನು ಬಿಡಬಹುದು

ಎಲ್ಲವನ್ನೂ ಕೋಡ್‌ಗೆ ತರಲು ಹೋದರೆ ಮುಗಿಯುವುದಿಲ್ಲ. ಬಿಲ್ಡಿಂಗಿನೊಳಗೆ ಸಿಗ್ನಲ್ ಓಡಲು ಹಿಡಿಯುವ ಹೊತ್ತನ್ನು ಬಿಡಬಹುದು. 30 ಮೀಟರಿಗೆ 0.1 ಮೈಕ್ರೋಸೆಕೆಂಡ್ ಅಷ್ಟೇ. ಆದರೆ ಸಿಂಹಗಡದ ಮೇಲಿಂದ ಪುಣೆ ಪೇಟೆಗೆ ವೈಫೈ ಲಿಂಕ್ ಹಾಕುವ ಸಿಮ್ಯುಲೇಷನ್ ಆದರೆ ಬಿಡುವ ಹಾಗಿಲ್ಲ. ನೇರ ಗೆರೆಯಲ್ಲಿ 20 ಕಿಲೋಮೀಟರಿನಷ್ಟು ದೂರ. ಒಂದು ದಿಕ್ಕಿಗೇ 67 ಮೈಕ್ರೋಸೆಕೆಂಡ್, ಏಳು ಸ್ಲಾಟಿಗಿಂತ ಜಾಸ್ತಿ. ಎಸಿಕೆ ಹೊರಟು ದಾರಿಯಲ್ಲಿರುವಾಗಲೇ ಕಳಿಸಿದವನು "ಬರಲಿಲ್ಲ" ಅಂತ ತೀರ್ಮಾನ ಮಾಡಿ ಮತ್ತೆ ಕಳಿಸಲು ಹೊರಡುತ್ತಾನೆ.

ಮಳೆಯನ್ನೂ ಬಿಡಬಹುದು. ಜುಲೈ ತಿಂಗಳಲ್ಲಿ ವೈಫೈ ನಿಧಾನವಾದರೆ ನಮ್ಮ ಕಡೆ ಎಲ್ಲರೂ ಮಳೆಯನ್ನೇ ಬೈಯುತ್ತಾರೆ. ಮಳೆ ಹನಿಗಳು ರೇಡಿಯೊವನ್ನು ಹೇಳಿಕೊಳ್ಳುವಷ್ಟು ತಿನ್ನುವುದು 10 ಗಿಗಾಹರ್ಟ್ಸ್‌ನ ಮೇಲೆ. ಜೋರು ಮಳೆಗೆ ಡಿಶ್ ಟಿವಿಯ ಚಿತ್ರ ಹೋಗುವುದು ಅದಕ್ಕೇ, ಅದು 12 ಗಿಗಾಹರ್ಟ್ಸ್ ಆಸುಪಾಸಿನದ್ದು. ಮನೆಯೊಳಗಿನ ವೈಫೈಗೆ ಮಳೆಗಿಂತ ಮಳೆಗೆ ಹೆದರಿ ಮನೆಯಲ್ಲೇ ಕೂತು ವಿಡಿಯೊ ನೋಡುವ ಜನರೇ ದೊಡ್ಡ ಕಾರಣ ಅಂತ ನನ್ನ ಗುಮಾನಿ.

ಫ್ರೀಕ್ವೆನ್ಸಿಯನ್ನು ಮಾತ್ರ ಬಿಡಬೇಡಿ. ಐಐಟಿ ಬಾಂಬೆಯವರು ಪಾಲ್ಘರ್ ಜಿಲ್ಲೆಯ ಹಳ್ಳಿಗಳಿಗೆ ಇಂಟರ್ನೆಟ್ ಮುಟ್ಟಿಸುವ ಪ್ರಯೋಗದಲ್ಲಿ ಟಿವಿಗೆ ಮೀಸಲಾಗಿ ಖಾಲಿ ಬಿದ್ದಿದ್ದ 470ರಿಂದ 590 ಮೆಗಾಹರ್ಟ್ಸ್ ಪಟ್ಟಿಯನ್ನು ಆರಿಸಿಕೊಂಡರು. 2,400ರ ಬದಲು 500 ಮೆಗಾಹರ್ಟ್ಸ್ ಅಂದರೆ ಬಯಲಿನ ಲೆಕ್ಕದಲ್ಲೇ 13.6 ಡೆಸಿಬೆಲ್ ಉಳಿತಾಯ, ಮರಗಿಡಗಳ ನಡುವೆ ನುಸುಳುವುದೂ ಸುಲಭ. ನಿಮ್ಮ ಗಾಳಿಯ ಆಬ್ಜೆಕ್ಟಿನಲ್ಲಿ ಆ 47 ಅನ್ನುವ ಸಂಖ್ಯೆಯನ್ನು ಗಟ್ಟಿಯಾಗಿ ಬರೆದಿಡದೆ ಫ್ರೀಕ್ವೆನ್ಸಿಯಿಂದ ಲೆಕ್ಕ ಹಾಕಿಸಿದರೆ ಇಂಥದ್ದನ್ನೂ ಅದೇ ಕೋಡ್‌ನಲ್ಲಿ ನೋಡಬಹುದು.

ಇಷ್ಟೆಲ್ಲ ಆದ ಮೇಲೆ ಎನ್‌ಎಸ್-3 ಅಥವಾ ಒಮ್ನೆಟ್ ಪ್ಲಸ್ ಪ್ಲಸ್ ಅನ್ನುವ ಸಿದ್ಧ ಸಿಮ್ಯುಲೇಟರ್‌ಗಳ ಕಡೆಗೆ ಹೋಗಿ. ಎರಡೂ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದವು. ಎನ್‌ಎಸ್-3 ಮೊದಲು ಬಿಡುಗಡೆಯಾದದ್ದು 2008ರಲ್ಲಿ, ಉಚಿತ. ಅದರ ಮಾಮೂಲಿ ವೈಫೈ ಚಾನೆಲ್ಲಿನ ಲೆಕ್ಕ ನಮ್ಮದರ ಹಾಗೆಯೇ ಇದೆ: ಮೊದಲ ಮೀಟರಿಗೆ 46.68 ಡೆಸಿಬೆಲ್, ದೂರ ಹತ್ತು ಪಟ್ಟಾದರೆ 30. ಗೋಡೆ ಮಾತ್ರ ನೀವೇ ಸೇರಿಸಬೇಕು. ಅಲ್ಲಿ ಸೀಡ್ ತಾನಾಗಿ ಬದಲಾಗುವುದಿಲ್ಲ ಅನ್ನುವುದು ನೆನಪಿರಲಿ. ಹತ್ತು ಸಲ ಓಡಿಸಿ ಹತ್ತು ಸಲವೂ ಅದೇ ಉತ್ತರ ಬಂತು ಅಂತ ರಿಪೋರ್ಟಿನಲ್ಲಿ ಹೆಮ್ಮೆಯಿಂದ ಬರೆಯುವವರಿದ್ದಾರೆ. ಅದು ಒಂದೇ ಓಟವನ್ನು ಹತ್ತು ಸಲ ನೋಡಿದ್ದು, ಅಷ್ಟೇ. ರನ್ ಸಂಖ್ಯೆಯನ್ನು ಬದಲಿಸಿ ಓಡಿಸಬೇಕು.

ಎಲ್ಲರ ಹತ್ತಿರವೂ ಯಾವಾಗಲೂ ಕಳಿಸಲು ಏನಾದರೂ ಇದ್ದೇ ಇದ್ದರೆ ಎಷ್ಟು ಥ್ರೂಪುಟ್ ಸಿಗಬೇಕು ಅನ್ನುವುದಕ್ಕೆ ಇಟಲಿಯ ಜ್ಯೂಸೆಪ್ಪೆ ಬಿಯಾಂಕಿ 2000ದಲ್ಲಿ ಕೊಟ್ಟ ಸೂತ್ರ ಇದೆ. ನಿಮ್ಮ ಕೋಡ್, ಎನ್‌ಎಸ್-3, ಬಿಯಾಂಕಿ ಸೂತ್ರ, ಮೂರನ್ನೂ ಪಕ್ಕಪಕ್ಕ ಇಟ್ಟು ಸ್ಟೇಷನ್ ಸಂಖ್ಯೆ ಹೆಚ್ಚಿಸುತ್ತಾ ಹೋಗಿ. ಆ ಸೂತ್ರದಲ್ಲಿ ಕಾಣದ ಸ್ಟೇಷನ್ ಇಲ್ಲ, ಹಾಗಾಗಿ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ. ಮೂರೂ ಹೊಂದದಿದ್ದರೆ ಮೊದಲು ಎಸಿಕೆಗೆ ಎಷ್ಟು ಹೊತ್ತು ಕಾಯುತ್ತಿದ್ದೀರಿ ನೋಡಿ, ಆಮೇಲೆ ಪ್ರಿಯಾಂಬಲ್ ಸೇರಿಸಿದ್ದೀರಾ ನೋಡಿ, ಆಮೇಲೆ ಕ್ಯಾಪ್ಚರ್.